ಗುಡ್ಡೆ ಎಲ್ಲಿಗೆ ಬಂತು?

"ಅಲ್ಪಾಕಾ ಅಂದ್ರೆ ಬಟ್ಟೆ ಅಲ್ವೇನೇ?" ಎಂದರು ಅಪ್ಪ.

ಓಹಾಯೋ ರಾಜ್ಯದ ವೂಸ್ಟರ್ ಪಕ್ಕ ನಮ್ಮದೊಂದು ಐದೆಕರೆ ಜಾಗ. ಅದರ ಬೇಲಿಗೆ ಒರಗಿ ಫೋನು ಹಿಡಿದು ನಿಂತಿದ್ದೆ. ಬೇಲಿಯಾಚೆ ಮೂರು ಅಲ್ಪಾಕಾಗಳು ಗಾಡಿಯಿಂದ ಇಳಿದು ಹತ್ತು ನಿಮಿಷವಾಗಿತ್ತು. ಮೂರೂ ಕತ್ತು ನೀಳ ಮಾಡಿಕೊಂಡು, ತಪ್ಪು ಮದುವೆಮನೆಗೆ ಬಂದಿಳಿದ ನೆಂಟರ ಹಾಗೆ ನನ್ನನ್ನೇ ನೋಡುತ್ತಿದ್ದವು. ಅತ್ತ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ಮಾತಾಡುತ್ತಿದ್ದರು. "ನಮ್ಮಪ್ಪಯ್ಯನ ಹತ್ರ ಒಂದು ಅಲ್ಪಾಕಾ ಕೋಟಿತ್ತು, ಕಪ್ಪು. ಗೇಣಿ ಕೇಸಿಗೆ ಶಿವಮೊಗ್ಗಕ್ಕೆ ಹೋಗ್ಬೇಕಾದ್ರೆ ಅದನ್ನೇ ಹಾಕ್ತಿದ್ರು. ನೀನು ನೋಡಿದ್ರೆ ಅದಕ್ಕೆ ಹುಲ್ಲು ಹಾಕ್ತಿದೀನಿ ಅಂತೀಯಲ್ಲ ಮಾರಾಯ್ತಿ!"

ಅಪ್ಪನದೇನೂ ತಪ್ಪಿರಲಿಲ್ಲ. ಆಂಡೀಸ್ ಬೆಟ್ಟದ ಈ ಪ್ರಾಣಿಯನ್ನು ಕಣ್ಣಲ್ಲಿ ಕಾಣುವ ಎಷ್ಟೋ ಮುಂಚೆ ನಮ್ಮವರು ಅದನ್ನು ತೊಟ್ಟುಬಿಟ್ಟಿದ್ದರು. 1836ರ ಸುಮಾರಿಗೆ ಟೈಟಸ್ ಸಾಲ್ಟ್ ಎಂಬ ಇಂಗ್ಲಿಷ್ ಉಣ್ಣೆ ವ್ಯಾಪಾರಿ ಲಿವರ್‌ಪೂಲ್ ಬಂದರಿನ ಉಗ್ರಾಣದಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಅಲ್ಪಾಕಾ ಮೂಟೆಗಳನ್ನು ಕೊಂಡ. ಹತ್ತಿಯ ಹಾಸಿಗೆ ಅಲ್ಪಾಕಾದ ಹೊಕ್ಕು ಕೊಟ್ಟು ತೆಳ್ಳಗೆ ಹೊಳೆಯುವ ಬಟ್ಟೆ ನೇಯಿಸಿದ. ಅದರಿಂದ ಅವನು ಕಂಡ ದುಡ್ಡು ಎಷ್ಟೆಂದರೆ, 1853ರ ಹೊತ್ತಿಗೆ ಬ್ರಾಡ್‌ಫರ್ಡ್ ಪಕ್ಕ ಒಂದು ದೊಡ್ಡ ಗಿರಣಿ ಎದ್ದು, ಅದರ ಸುತ್ತ ಸಾಲ್ಟೇರ್ ಎಂದು ಅವನದೇ ಹೆಸರಿನ ಊರು ಬೆಳೆಯಿತು. ಹಗುರ, ಹೊಳಪು, ಬಾಳಿಕೆ ಮೂರೂ ಇದ್ದ ಆ ಬಟ್ಟೆ ಬ್ರಿಟಿಷರ ಕಾಲದ ಭಾರತಕ್ಕೂ ಬಂದು ವಕೀಲರು, ಗುಮಾಸ್ತರು, ಮೇಷ್ಟ್ರುಗಳ ಬೆನ್ನೇರಿತು. ಅಜ್ಜನ ಕೋಟು ಕೊನೆಗೆ ಏನಾಯಿತೆಂದು ಕೇಳಿದೆ. "ಗದ್ದೆ ಬೆರ್ಚಪ್ಪನಿಗೆ ಹಾಕಿದ್ವಿ. ಎರಡು ಮಳೆಗಾಲ ಬಂತು ನೋಡು," ಎಂದರು.

ಆಮೇಲೆ ವಿಚಾರಣೆ ಶುರುವಾಯಿತು.

"ಹಾಲು ಕೊಡ್ತದಾ?"

"ಇವು ಗಂಡು ಅಪ್ಪಾ. ಹೆಣ್ಣಾದ್ರೂ ಅದರ ಮರಿಗೆ ಸಾಕಾಗುವಷ್ಟೇ."

"ಗಾಡಿಗೆ ಕಟ್ಟಬಹುದಾ?"

"ಇಲ್ಲ."

"ಕಾವಲಿಗಾದ್ರೂ?"

"ಕಯೋಟಿ ಬರ್ತದೆ, ಅದಕ್ಕೆ ನಾವೇ ಇವನ್ನ ಕಾಯಬೇಕು."

ಎಲೆಯಡಿಕೆ ಉಗುಳಿ ಬಂದ ಸದ್ದು. "ಮತ್ತೆ ಎಂತಕ್ಕೆ?"

ಆ 'ಎಂತಕ್ಕೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸತ್ಯ ಹೇಳಬೇಕೆಂದರೆ ಅವು ಬಿಟ್ಟಿ ಸಿಕ್ಕಿದ್ದವು. ಐದು ಮೈಲಿ ಆಚೆಯ ಮುದಿ ದಂಪತಿ ಹೊಲ ಮಾರಿ ಮಗನ ಊರಿಗೆ ಹೊರಟಿದ್ದರು. ಒಂದು ಕಾಲದಲ್ಲಿ ಅವರು ಒಂದೊಂದು ಹೆಣ್ಣಿಗೆ ಕಾರಿನ ಬೆಲೆ ಕೊಟ್ಟವರು. ಈಗ ಬೀಜ ಹೊಡೆಸಿದ ಈ ಮೂರು ಗಂಡುಗಳನ್ನು ಯಾರಾದರೂ ಒಟ್ಟಿಗೇ ಒಯ್ದರೆ ಸಾಕು, ಒಂಟಿ ಮಾಡಬೇಡಿ ಎಂದು ಕೈಮುಗಿಯುವ ಹಾಗೆ ಕೇಳಿಕೊಂಡರು.

ಕಾರಿನ ಬೆಲೆ ಹೇಗೆ ಬಂತು ಎನ್ನುವುದು ಒಳ್ಳೆಯ ಕಥೆ. ಅಮೆರಿಕಕ್ಕೆ ವ್ಯಾಪಾರಕ್ಕೆಂದು ಅಲ್ಪಾಕಾ ಬರಲು ಶುರುವಾದದ್ದು 1984ರಲ್ಲಿ. 1998ರಲ್ಲಿ ತಳಿ ನೋಂದಣಿಯ ಪುಸ್ತಕವನ್ನು ಹೊರದೇಶದ ಪ್ರಾಣಿಗಳಿಗೆ ಮುಚ್ಚಿಬಿಟ್ಟರು. ಹೊರಗಿನ ಮಾಲು ನಿಂತಮೇಲೆ ಒಳಗಿನದಕ್ಕೆ ರೆಕ್ಕೆ ಬಂತು. ಟೀವಿಯಲ್ಲಿ ಜಾಹೀರಾತು, ಹರಾಜು, ರಿಬ್ಬನ್ನು, ಬಹುಮಾನ. ಉಣ್ಣೆಯಿಂದ ಬರುವ ಕಾಸು ಹುಲ್ಲಿನ ಖರ್ಚಿಗೂ ಸಾಲದೆಂದು ಲೆಕ್ಕ ಹಾಕಿದವರಿಗೆಲ್ಲ ಗೊತ್ತಿತ್ತು, ಆದರೆ ಮರಿ ಮಾರಬಹುದಲ್ಲ! ಕೊಂಡವರೂ ಮರಿ ಮಾರಲೆಂದೇ ಕೊಂಡವರು. ಕ್ಯಾಲಿಫೋರ್ನಿಯಾದ ಸಾಯ್ಟೋನ್ ಮತ್ತು ಸೆಕ್ಸ್‌ಟನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಈ ಬೆಲೆಗೆ ಬುಡವಿಲ್ಲ ಎಂದು ಲೇಖನವನ್ನೇ ಬರೆದರು. ಅದರ ಶೀರ್ಷಿಕೆಯಲ್ಲೇ 'ಅಲ್ಪಾಕಾ ಸುಳ್ಳುಗಳೇ?' ಎಂಬ ಪ್ರಶ್ನೆ ಇತ್ತು. ಮರುವರ್ಷದ ಆರ್ಥಿಕ ಕುಸಿತದ ಗಾಳಿಗೆ ಗುಳ್ಳೆ ಒಡೆಯಿತು.

ಇಷ್ಟನ್ನೂ ಅಪ್ಪನಿಗೆ ವಿವರಿಸಲು ಕಾಲು ಗಂಟೆ ತೆಗೆದುಕೊಂಡೆ. ಅಪ್ಪ ಒಂದೇ ಮಾತು ಹೇಳಿದರು: "ಓ, ವೆನಿಲಾ."

ಹೌದು, ವೆನಿಲಾ! ವೆನಿಲಾ ಬೆಳೆಯುವ ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಎದ್ದರೆ ನಮ್ಮ ತೋಟದಲ್ಲಿ ಅಪ್ಪ ಕುಣಿದದ್ದು ನೆನಪಾಯಿತು. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಅಮ್ಮ ಬೆಳಗಿನ ತಿಂಡಿ ಬಿಟ್ಟು, ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದಳು. ರಾತ್ರಿ ಕಳ್ಳರ ಭಯಕ್ಕೆ ಅಪ್ಪ ತೋಟದಲ್ಲೇ ಮಲಗುತ್ತಿದ್ದರು. ಕೋಡು ಬೆಳೆದವರಿಗಿಂತ ಬಳ್ಳಿಯ ತುಂಡು ಮಾರಿದವರು ಹೆಚ್ಚು ದುಡ್ಡು ಮಾಡಿದರು. ಎರಡು ವರ್ಷದಲ್ಲಿ ಬೆಲೆ ನೆಲಕಚ್ಚಿ, ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಎಸೆದಾಯಿತು. ಅಪ್ಪನಿಗೆ ಅರ್ಥಶಾಸ್ತ್ರಜ್ಞರ ಲೇಖನ ಬೇಕಿರಲಿಲ್ಲ.

ನನ್ನ ಮಗಳು ಮೂರಕ್ಕೂ ಹೆಸರಿಟ್ಟಳು. ಬಿಳಿಯದು ಕಡುಬು, ಕಂದು ಬಣ್ಣದ್ದು ಕೋಡುಬಳೆ, ಹಾಲಿಗೆ ಬೆಲ್ಲ ಬಿದ್ದಂಥ ಬಣ್ಣದ್ದು ತೊಡೆದೇವು. ಪಶುವೈದ್ಯರು ಮೊದಲ ಸಲ ಬಂದಾಗ 'ತೊಡೆದೇವು' ಎಂದು ದಾಖಲೆಯಲ್ಲಿ ಬರೆಯಲು ಮೂರು ಸಲ ಅಕ್ಷರ ಕೇಳಿ, ಕೊನೆಗೆ 'ಮೂರನೆಯದು' ಎಂದು ಬರೆದುಕೊಂಡರು.

ನಾನು ಕೊಟ್ಟಿಗೆಯ ಮನೆಯಲ್ಲಿ ಬೆಳೆದವಳು. ಪ್ರಾಣಿ ಎಂದರೆ ನನಗೆ ಕೈ ತಾನಾಗಿ ಮುಂದೆ ಹೋಗುವ ವಸ್ತು. ದನದ ಗಂಗೆದೊಗಲು ತುರಿಸಿದರೆ ಅದು ಕತ್ತು ಎತ್ತಿ, ಕಣ್ಣು ಅರೆಮುಚ್ಚಿ, ಇನ್ನೂ ಸ್ವಲ್ಪ ಎನ್ನುವಂತೆ ಮೈಮೇಲೇ ಬರುತ್ತದೆ. ಅಲ್ಪಾಕಾಕ್ಕೆ ಅದೆಲ್ಲ ಆಗಿಬರುವುದಿಲ್ಲ. ನೋಡಲು ಹತ್ತಿ ತುಂಬಿದ ಗೊಂಬೆ, ರೆಪ್ಪೆಗೂದಲು ಸಿನಿಮಾ ನಟಿಯದು. ತಲೆ ಸವರಲು ಕೈ ಎತ್ತಿ ನೋಡಿ, ಒಂದು ಗೇಣು ಹಿಂದೆ ಸರಿದು ನಿಲ್ಲುತ್ತದೆ. ಸಿಟ್ಟಿಲ್ಲ, ಹೆದರಿಕೆಯೂ ಅಷ್ಟಿಲ್ಲ. ಮಡಿಯಲ್ಲಿರುವ ಅಜ್ಜಿ ಸರಿದ ಹಾಗೆ ಸರಿಯುತ್ತದೆ. ಮುಟ್ಟಬೇಡ, ಅಷ್ಟೆ.

ಮರಿಯಿಂದಲೇ ಮುದ್ದು ಮಾಡಿ ಪಳಗಿಸಿದರಾಯಿತಲ್ಲ ಎಂದು ನಾನೂ ಯೋಚಿಸಿದ್ದೆ. ಮುದಿ ದಂಪತಿ ಬೈದರು. ಗಂಡು ಮರಿಯನ್ನು ಬಾಟಲಿ ಹಾಲು ಹಾಕಿ ಮಡಿಲಲ್ಲಿ ಬೆಳೆಸಿದರೆ ಅದಕ್ಕೆ ಮನುಷ್ಯರೂ ತನ್ನ ಜಾತಿಯವರೇ ಎನಿಸಿಬಿಡುತ್ತದಂತೆ. ದೊಡ್ಡದಾದ ಮೇಲೆ ಇನ್ನೊಂದು ಗಂಡಿನ ಮೇಲೆ ಏರಿಹೋಗುವಂತೆ ನಮ್ಮ ಮೇಲೇ ಏರಿಬರುತ್ತದೆ. ಅಂದರೆ ಪ್ರೀತಿ ಹೆಚ್ಚಾದಷ್ಟೂ ಒದೆತ ಗ್ಯಾರಂಟಿ. ದೂರ ನಿಲ್ಲುವುದೇ ಇಲ್ಲಿ ಸಾಕಣೆಯ ಮೊದಲ ಪಾಠ. ಮೊದಲ ವರ್ಷವಿಡೀ ನಾನು ಮಾಡಿದ್ದು ಅಷ್ಟೇ. ಸಂಜೆ ಒಂದು ಬಕೆಟ್ಟು ಬೋರಲು ಹಾಕಿ ಹೊಲದ ನಡುವೆ ಕೂರುವುದು. ಅವು ಮೇಯುತ್ತ ಮೇಯುತ್ತ ಹತ್ತಿರ ಬಂದು 'ಹ್ಮ್‌ಮ್‌' ಎಂದು ಮೂಗಿನಲ್ಲೇ ಗುನುಗುತ್ತವೆ. ಅದು ಹಸಿವೋ ಅನುಮಾನವೋ ಕ್ಷೇಮಸಮಾಚಾರವೋ ಇವತ್ತಿಗೂ ನಾನು ಖಚಿತವಾಗಿ ಹೇಳಲಾರೆ. ದೇವರ ಮುಂದೆ ಕೂತು ಬಾಯಿ ಬಿಡದೆ ಸ್ತೋತ್ರ ಹೇಳುವವರ ಪಕ್ಕ ಕೂತಂತಿರುತ್ತದೆ.

ಉಗುಳುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಗುಳುತ್ತವೆ. ಸಾಮಾನ್ಯವಾಗಿ ತಮ್ಮ ತಮ್ಮಲ್ಲೇ, ಹಿಂಡಿಯ ಬೋಗುಣಿಯ ಮುಂದೆ. ನಡುವೆ ಸಿಕ್ಕಿಕೊಂಡರೆ ನಮಗೂ ಪಾಲು. ಅದು ಎಂಜಲಲ್ಲ, ಹೊಟ್ಟೆಯ ಮೊದಲ ಕೋಣೆಯಿಂದ ಏರಿಬಂದ, ಅರ್ಧ ಹುಳಿತ ಹಸಿರು ಹುಲ್ಲಿನ ರಸ. ವಾಸನೆ ಎರಡು ಸ್ನಾನಕ್ಕೂ ಬಗ್ಗದು. ಆದರೆ ನನಗೆ ಇಷ್ಟವಾದದ್ದು ಆಮೇಲಿನ ದೃಶ್ಯ. ಉಗುಳಿದವನಿಗೇ ಆ ರುಚಿ ತಡೆಯುವುದಿಲ್ಲ. ಕೆಳತುಟಿ ಜೋಲುಬಿಟ್ಟು, ಬಾಯಿ ಅರೆ ತೆರೆದು, ಕಷಾಯ ಕುಡಿದ ಹುಡುಗನ ಮುಖ ಮಾಡಿಕೊಂಡು ಹತ್ತು ನಿಮಿಷ ಹುಲ್ಲು ಮುಟ್ಟದೆ ನಿಂತಿರುತ್ತಾನೆ. ಬೈದವರ ಬಾಯೂ ಹೀಗೇ ಕೈಕೊಡುವಂತಿದ್ದರೆ ನಮ್ಮ ಮನೆಯಲ್ಲಿ ಎಷ್ಟೋ ಜಗಳ ಮೊದಲ ವಾಕ್ಯಕ್ಕೇ ಮುಗಿಯುತ್ತಿತ್ತು.

ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸುವವರು ಬರುತ್ತಾರೆ. ಹೊಲದಿಂದ ಹೊಲಕ್ಕೆ ತಿರುಗುವ ಇಬ್ಬರು ಗಟ್ಟಿ ಆಸಾಮಿಗಳು. ಮೊದಲ ಸಲ ಬಂದ ದಿನ ಅಮ್ಮ ಫೋನು ಮಾಡಿದಳು.

"ಗಡಿಬಿಡಿಯಲ್ಲಿದೀನಿ ಅಮ್ಮಾ, ಉಣ್ಣೆ ತೆಗೆಸ್ತಿದೀವಿ."

"ಅಯ್ಯೋ, ಎಲ್ಲಿ ಹಿಡಿದಿದ್ಯೇ? ಕಿವಿ ಸಂದೀಲಾ? ಬಾಲದ ಬುಡದಲ್ಲಾ?"

"ಮೈತುಂಬಾ ಅಮ್ಮಾ. ಒಂದೊಂದರ ಮೇಲೂ ಮೂರು ಮೂರು ಕಿಲೋ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಾಬರಿಯಲ್ಲಿ, "ಹೊಗೆಸೊಪ್ಪು ಕುದಿಸಿದ ನೀರು ಸವರು ಮಗಾ, ಉದುರಿಹೋಗ್ತಾವೆ," ಎಂದಳು. ಅಮ್ಮನಿಗೆ ಉಣ್ಣೆ ಎಂದರೆ ದನದ ಮೈಗೆ ಕಚ್ಚುವ ಉಣ್ಣೆಯೇ, ರಕ್ತ ಹೀರುವ ಉಣುಗು. ಕಂಬಳಿಯ ಉಣ್ಣೆ ಅವಳ ಪಾಲಿಗೆ ಬಯಲುಸೀಮೆಯ ಕುರುಬರ ಸಮಾಚಾರ.

ನೆಲಕ್ಕೆ ಚಾಪೆ ಹಾಸಿ, ಮುಂಗಾಲು ಹಿಂಗಾಲುಗಳಿಗೆ ಹಗ್ಗ ಕಟ್ಟಿ ಎರಡೂ ಕಡೆ ಎಳೆದು ಮಲಗಿಸುತ್ತಾರೆ. ಉಗುಳದಿರಲೆಂದು ಮೂತಿಗೊಂದು ಹಳೆಯ ಕಾಲುಚೀಲ. ತಲೆ ಹಿಡಿಯುವುದು ನನ್ನ ಕೆಲಸ. ವರ್ಷವಿಡೀ ಮುಟ್ಟಗೊಡದ ಆ ತಲೆ ಅಂದು ನನ್ನ ಮೊಣಕಾಲ ಮೇಲೆ. ಕಡುಬು ಕಿರುಚಿಕೊಂಡ ಸದ್ದು ಎಣ್ಣೆ ಕಾಣದ ಬಾವಿಯ ಗಾಲಿಯದು. ಯಂತ್ರ ಹೊಟ್ಟೆಯಿಂದ ಬೆನ್ನಿಗೆ ಉದ್ದಕ್ಕೂ ಸರಿಯುತ್ತಿದ್ದಂತೆ ಉಣ್ಣೆ ಕಂಬಳಿಯ ಹಾಗೆ ಒಂದೇ ಹಾಳೆಯಾಗಿ ಮಗುಚಿಕೊಳ್ಳುತ್ತದೆ. ಹೊರಮೈ ನೋಡಿದರೆ ಕೆಸರು, ಹುಲ್ಲುಕಡ್ಡಿ, ಕಸ. ಎರಡೂ ಹೆಬ್ಬೆರಳಿಂದ ಬಗೆದು ನೋಡಿದೆ. ಒಳಗೆ ಅಚ್ಚ ಬೆಳ್ಳಗೆ, ಸಣ್ಣ ಸಣ್ಣ ಅಲೆ ಅಲೆಯಾಗಿ, ಎಳನೀರಿನ ಗಂಜಿಯ ಮೇಲೆ ಬೆಳಕು ಬಿದ್ದಂತೆ ಹೊಳೆಯುತ್ತಿತ್ತು. ಅಜ್ಜನ ಕೋಟಿನ ಹೊಳಪು ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಏಳೆಂಟು ನಿಮಿಷ. ಉಗುರು ಕತ್ತರಿಸಿ, ಉದ್ದವಾದ ಕೆಳಹಲ್ಲು ಉಜ್ಜಿ ಬಿಟ್ಟರೆ, ಎದ್ದು ನಿಂತದ್ದು ಕಡುಬಲ್ಲ, ಒದ್ದೆಯಾದ ಬೆಕ್ಕಿನಂಥ ಯಾವುದೋ ಬಡಕಲು ಪ್ರಾಣಿ. ಉಳಿದೆರಡು ಬಂದು ಯಾರಪ್ಪಾ ಇವನು ಎಂದು ಮೂಸಿ ನೋಡಿದವು.

ಆ ಉಣ್ಣೆಯನ್ನು ನೂಲಾಗಿಸಲು ಗಿರಣಿಗೆ ಕೊಟ್ಟು ಎಂಟು ತಿಂಗಳು ಕಾದೆವು. ಬಂದ ನೂಲಿನ ಲೆಕ್ಕ ಹಾಕುವುದು ಬೇಡ. ಮಳೆಗೆ ಕೊಪ್ಪೆ ಹಾಕಿಕೊಳ್ಳಲು ಒಂದು ಕಂಬಳಿ ನೇಯಿಸಿ ಕಳಿಸೆಂದು ಅಪ್ಪ ಹೇಳಿದರು. ಅದೂ ಆಗದು, ಕುರಿಯುಣ್ಣೆಯ ಜಿಡ್ಡು ಇದರಲ್ಲಿಲ್ಲ, ಮಲೆನಾಡ ಮಳೆಗೆ ತೊಪ್ಪೆಯಾದೀತು. ಮತ್ತೆ ಅದೇ 'ಎಂತಕ್ಕೆ'.

ಓಹಾಯೋದ ಚಳಿಗಾಲದಲ್ಲಿ ಬಿಸಿಲಿಗೆ ಬಲವಿಲ್ಲ. ಬೆಟ್ಟದ ತುದಿಯ ಸುಡುಬಿಸಿಲಿಗೆ ಒಗ್ಗಿದ ಈ ಉಣ್ಣೆಯ ಮೈಗೆ ಇಲ್ಲಿ ವಿಟಮಿನ್ ಡಿ ಕೊರತೆ ಬರುತ್ತದೆಂದು ಆಗಾಗ ಸೂಜಿ ಚುಚ್ಚಬೇಕು. ನನಗೂ ಡಾಕ್ಟರು ಅದೇ ಗುಳಿಗೆ ಬರೆದಿದ್ದಾರೆ, ಬಿಸಿಲಿನ ದೇಶದಿಂದ ಬಂದವರಲ್ಲವೇ ಎಂದು. ನಾಲ್ಕು ತಿಂಗಳು ಸೂರ್ಯನ ಮುಖವೇ ಕಾಣದ ತೀರ್ಥಹಳ್ಳಿಯ ವಿಷಯ ಅವರಿಗೆ ಹೇಳಲು ಹೋಗಲಿಲ್ಲ. ಅಂದಹಾಗೆ, ವಲಸೆಯ ವಿಷಯದಲ್ಲಿ ಅಲ್ಪಾಕಾಗಳು ನನಗಿಂತ ಮೇಲು. ಒಂಟೆಯ ವಂಶ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ, ನಾಲ್ಕು ಕೋಟಿ ವರ್ಷಗಳಿಗೂ ಹಿಂದೆ. ಕೆಲವು ಏಷ್ಯಾಕ್ಕೆ ದಾಟಿ ಒಂಟೆಗಳಾದವು, ಕೆಲವು ದಕ್ಷಿಣಕ್ಕೆ ಇಳಿದವು. ಇಲ್ಲಿಯೇ ಉಳಿದವು ಅಳಿದುಹೋದವು. ಹಾಗಾಗಿ ಇವು ಬಂದಿರುವುದು ತವರಿಗೆ. ವೀಸಾ ಪತ್ರ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತವಳು ನಾನೊಬ್ಬಳೇ.

ತವರಿನಲ್ಲೂ ಶತ್ರುಗಳಿರುತ್ತಾರೆ. ಇಲ್ಲಿನ ಬಿಳಿಬಾಲದ ಜಿಂಕೆಗಳ ಮಿದುಳಿನ ಪೊರೆಯಲ್ಲಿ ಕೂದಲಂಥ ಒಂದು ಹುಳು ಇರುತ್ತದೆ. ಜಿಂಕೆಗೆ ಅದರಿಂದ ತೊಂದರೆಯಿಲ್ಲ. ಅದರ ಹಿಕ್ಕೆಯಿಂದ ಮರಿಹುಳು ಗೊಂಡೆಹುಳುವಿಗೂ ಬಸವನಹುಳುವಿಗೂ ಸೇರಿ, ಹುಲ್ಲಿನೊಡನೆ ಅಲ್ಪಾಕಾದ ಹೊಟ್ಟೆಗೆ ಹೋದರೆ ದಾರಿತಪ್ಪಿ ಬೆನ್ನುಹುರಿಯನ್ನು ಕೊರೆಯುತ್ತದೆ. ತಿಂಗಳಿಗೊಂದು ಚುಚ್ಚುಮದ್ದು ತಪ್ಪದೆ ಕೊಡಬೇಕು. ಎರಡನೆಯ ವರ್ಷದ ಅಕ್ಟೋಬರಿನಲ್ಲಿ ನಾನು ತಪ್ಪಿದೆ. ಕೆಲಸದ ಒತ್ತಡ, ಮಗಳ ಜ್ವರ, ನಾಳೆ ನಾಳೆ ಎಂದು ಮೂರು ವಾರ ಹೋಯಿತು.

ಒಂದು ಬೆಳಿಗ್ಗೆ ಕಡುಬು ಹಿಂಗಾಲಿನ ಬೆರಳು ನೆಲಕ್ಕೆ ಎಳೆಯುತ್ತ ನಡೆದದ್ದು ಕಂಡಿತು. ಇಬ್ಬನಿಯ ಹುಲ್ಲಿನ ಮೇಲೆ ಅದರ ಗೆರೆ ಬೇಲಿಯಿಂದ ಕೊಟ್ಟಿಗೆಯವರೆಗೆ ಇತ್ತು. ಮದ್ದು ನಡೆಯಿತು. ಒಂಬತ್ತನೆಯ ದಿನ ಅವನು ಏಳಲಿಲ್ಲ. ಈ ಪ್ರಾಣಿಗಳು ನೋವು ತೋರಿಸುವುದಿಲ್ಲ. ಕಿವಿ ನೆಟ್ಟಗಿಟ್ಟುಕೊಂಡು, ಮೆಲುಕು ಹಾಕುವ ಶಾಸ್ತ್ರ ಮಾಡುತ್ತ, ಕೊನೆಯವರೆಗೂ ಏನೂ ಆಗಿಲ್ಲವೆಂಬಂತೆ ಕೂತಿದ್ದ. ಡಾಕ್ಟರು ಸೂಜಿ ತೆಗೆದಾಗ ಅವನ ಕತ್ತಿನ ಮೇಲೆ ಕೈಯಿಟ್ಟೆ. ಅವನು ಸರಿಯಲಿಲ್ಲ. ಸರಿಯುವ ಶಕ್ತಿ ಇರಲಿಲ್ಲ, ಅಷ್ಟೇ. ನಾನು ಅದಕ್ಕೆ ಬೇರೆ ಅರ್ಥ ಹಚ್ಚಲು ಹೋಗಲಾರೆ.

ಅಪ್ಪ ಸಮಾಧಾನದ ಮಾತೇನೂ ಆಡಲಿಲ್ಲ. "ಮದ್ದಿನ ಲೆಕ್ಕ ಎಲ್ಲಿ ಬರೆದಿಡ್ತಿ?" ಎಂದು ಕೇಳಿದರು. ಫೋನಿನಲ್ಲಿ ಎಂದೆ. "ಅಮಾವಾಸ್ಯೆ ಅಮಾವಾಸ್ಯೆಗೆ ಕೊಡು, ಮರೆಯೂದಿಲ್ಲ." ಆವತ್ತಿನಿಂದ ಕೊಟ್ಟಿಗೆಯ ಗೋಡೆಗೆ ಊರಿಂದ ತರಿಸಿದ ಕ್ಯಾಲೆಂಡರು ತೂಗುತ್ತಿದೆ. ಓಹಾಯೋದಲ್ಲಿ ಅಮಾವಾಸ್ಯೆ ಆಚರಿಸುವ ಅಲ್ಪಾಕಾಗಳು ನಮ್ಮವು ಮಾತ್ರವೇ ಇದ್ದಾವು.

ಎರಡೇ ಉಳಿದರೆ ಅವು ಕುಗ್ಗುತ್ತವೆ. ಕನಿಷ್ಠ ಮೂರಿರಬೇಕು ಎನ್ನುತ್ತಾರೆ. ಹಾಗೆ ಬಂದವಳು ಹೋಳಿಗೆ, ಜೊತೆಗೊಬ್ಬಳು ಗೆಳತಿ ಚಿಗಳಿ. ಅವರಿಗೆ ಪಕ್ಕದಲ್ಲೇ ಬೇರೆ ಬೇಲಿ. ಹೋಳಿಗೆ ಬಸಿರೆಂದು ಮಾರಿದವನು ಸಾಬೀತು ಮಾಡಿದ ರೀತಿ ಚಂದ. ಒಂದು ಗಂಡನ್ನು ಹತ್ತಿರ ತಂದ, ಹೋಳಿಗೆ ಅವನ ಮುಖಕ್ಕೆ ಉಗಿದಳು. "ನೋಡಿ, ನಿಂತಿದೆ," ಎಂದ. ಖಾಲಿ ಇದ್ದಿದ್ದರೆ ಅವಳು ಮಂಡಿಯೂರಿ ಕೂರುತ್ತಿದ್ದಳಂತೆ. ಹನ್ನೊಂದೂವರೆ ತಿಂಗಳ ಬಸಿರು. ಹೆರುವುದು ಬಹುಮಟ್ಟಿಗೆ ಹಗಲಲ್ಲೇ. ರಾತ್ರಿಯ ಕೊರೆತದಲ್ಲಿ ಒದ್ದೆ ಮರಿ ಬದುಕದೆಂದು ಆಂಡೀಸ್ ಕಲಿಸಿದ ಬುದ್ಧಿ ಇರಬೇಕು. ನಮ್ಮ ಗೌರಿ ದನ ತಪ್ಪದೆ ಅಮಾವಾಸ್ಯೆಯ ನಡುರಾತ್ರಿ, ಕರೆಂಟಿಲ್ಲದಾಗಲೇ ಹೆರುತ್ತಿದ್ದಳು.

ಬೆಳಿಗ್ಗೆ ಹತ್ತೂವರೆಗೆ ಮೂತಿ, ಎರಡು ಮುಂಗಾಲು ಹೊರಬಂದವು. ಹೋಳಿಗೆ ನಿಂತೇ ಇದ್ದಳು, ನಡುನಡುವೆ ಹುಲ್ಲೂ ಕಿತ್ತಳು. ಕಡುಗಪ್ಪು ಮರಿ ಜಾರಿ ನೆಲಕ್ಕೆ ಬಿತ್ತು. ನಾನು ಕಾದೆ. ತಾಯಿ ಈಗ ನೆಕ್ಕುತ್ತಾಳೆ, ಈಗ ನೆಕ್ಕುತ್ತಾಳೆ ಎಂದು. ಕರು ಹಾಕಿದ ದನದ ಆ ಒರಟು ನಾಲಿಗೆಯ ಸದ್ದು ನನ್ನ ಕಿವಿಯಲ್ಲಿತ್ತು. ಹೋಳಿಗೆ ನೆಕ್ಕಲಿಲ್ಲ. ಅವಳ ಜಾತಿಯ ನಾಲಿಗೆ ಅಷ್ಟು ಹೊರಗೆ ಚಾಚುವುದಿಲ್ಲ. ಮೂತಿಯನ್ನು ಮರಿಯ ಮೂತಿಯ ಹತ್ತಿರ, ಬೆರಳಿನಷ್ಟು ಅಂತರ ಬಿಟ್ಟು, ತಂದು ಗುನುಗಿದಳು. ಚಿಗಳಿಯೂ ಬಂದು ಗುನುಗಿದಳು. ಬೇಲಿಯಾಚೆಯಿಂದ ಕೋಡುಬಳೆ, ತೊಡೆದೇವು ಕೂಡ. ಮರಿ ಬಿಸಿಲಿಗೇ ಒಣಗಿ, ಒಂದು ಗಂಟೆಯೊಳಗೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ಎದ್ದಿತು. ನನಗೆ ಮುಟ್ಟಗೊಡುವುದಿಲ್ಲವೆಂದು ಇಷ್ಟು ದಿನ ಒಳಗೊಳಗೇ ಮುನಿಸಿತ್ತಲ್ಲ, ಅದು ಎಷ್ಟು ದಡ್ಡತನವೆಂದು ಹೊಳೆದದ್ದು ಅಂದು. ಹೆತ್ತ ಮಗುವನ್ನೇ ಅವು ಹಾಗೆ ಸಾಕುತ್ತವೆ.

ಸಂಭ್ರಮದಲ್ಲಿ ಅಮ್ಮನಿಗೆ ಫೋನು ಮಾಡಿ, ಇದರ ಮರಿಗೆ ಇಲ್ಲಿ 'ಕ್ರಿಯಾ' ಅಂತಾರೆ, ಸ್ಪ್ಯಾನಿಷ್ ಮಾತು ಎಂದೆ.

"ಬಿಡ್ತು ಅನ್ನು! ಹುಟ್ಟಿದ ಮರಿಗೆ ಕ್ರಿಯೆ ಅಂತಾರಾ? ಹೆಸರೇನಿಟ್ಟಿದೀರಿ?"

"ಎಳ್ಳು. ಕಪ್ಪಗಿದ್ಯಲ್ಲ."

"ಕ್ರಿಯೆಯಂತೆ, ಅದಕ್ಕೆ ಎಳ್ಳಂತೆ! ದರ್ಭೆ ಒಂದು ಬಾಕಿ." ಅಂದೇ ಸಂಜೆ ಹೆಸರು ಎಳ್ಳುಬೆಲ್ಲ ಎಂದು ಬದಲಾಯಿತು.

ಹೋದ ಬೇಸಗೆಯಲ್ಲಿ ಅಪ್ಪ, ಅಮ್ಮ ಎರಡು ತಿಂಗಳಿಗೆ ಬಂದರು. ಅಪ್ಪ ಮೊದಲ ದಿನ ಬೇಲಿಯ ಹೊರಗೆ ಕೈಕಟ್ಟಿ ನಿಂತು ನೋಡಿದರು. ಎರಡನೆಯ ದಿನವೂ. ಮೂರನೆಯ ದಿನ ಒಳಗೆ ಹೋದವರು ಗಂಡುಗಳ ಹೊಲದ ನಡುವೆ ಕುಕ್ಕರುಗಾಲಲ್ಲಿ ಕೂತುಬಿಟ್ಟದ್ದು ಅಡಿಗೆಮನೆಯ ಕಿಟಕಿಯಿಂದ ಕಂಡಿತು. ತಲೆಸುತ್ತು ಬಂತೇನೋ ಎಂದು ಓಡಿದೆ. ಅಪ್ಪ ಹಿಕ್ಕೆಯ ಗುಡ್ಡೆಯ ಮುಂದೆ ಕೂತಿದ್ದರು.

ಅಲ್ಪಾಕಾ ಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ. ಹಿಂಡಿಗೆಲ್ಲ ಸೇರಿ ಒಂದೇ ಜಾಗ. ಒಬ್ಬ ಹೋದರೆ ಇನ್ನೊಬ್ಬನಿಗೂ ನೆನಪಾಗಿ ಹಿಂದೆ ಬಂದು ನಿಲ್ಲುತ್ತಾನೆ. ಅಪ್ಪ ಒಂದು ಹಿಡಿ ಹಿಕ್ಕೆ ಅಂಗೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿಂದ ನುರಿದು, ಮೂಗಿನ ಹತ್ತಿರ ತಂದರು. "ವಾಸನೆಯೇ ಇಲ್ವಲ್ಲೇ. ಹುಲ್ಲಿನ ಪುಡಿ." ಹಸಿದನ್ನೇ ಗಿಡದ ಬುಡಕ್ಕೆ ಹಾಕಬಹುದು, ಕೋಳಿಗೊಬ್ಬರದ ಹಾಗೆ ಸುಡುವುದಿಲ್ಲ ಎಂದೆ. ಅಪ್ಪ ನಂಬಲಿಲ್ಲ. ಎರಡು ಬದನೆ ಗಿಡಕ್ಕೆ ಹಾಕಿ, ಎರಡಕ್ಕೆ ಬಿಟ್ಟು, ಹತ್ತು ದಿನ ದಿನಾ ಬೆಳಿಗ್ಗೆ ಹೋಗಿ ನೋಡಿದರು. ಹನ್ನೊಂದನೆಯ ದಿನ ನನ್ನನ್ನು ಕರೆದು, "ಜೀವಮಾನವಿಡೀ ಬುಟ್ಟಿ ಹೊತ್ತು ಬ್ಯಾಣ ಸುತ್ತಿ ಸಗಣಿ ಹೆಕ್ಕಿದ್ದೀನಿ ನಾನು. ಇವು ತಾವೇ ಒಟ್ಟು ಮಾಡಿ ಇಡ್ತಾವೆ! ಇದನ್ನ ನೀನು ಮೊದಲೇ ಹೇಳೂದಲ್ವಾ? ಉಣ್ಣೆ ಉಣ್ಣೆ ಅಂತ ಆರು ವರ್ಷ ತಲೆ ತಿಂದೆ," ಎಂದರು.

ಆದರೆ ಗುಡ್ಡೆ ಇದ್ದದ್ದು ಹೊಲದ ನಟ್ಟನಡುವೆ, ತರಕಾರಿ ಪಾತಿ ಇದ್ದದ್ದು ಬೇಲಿಯ ಅಂಚಿಗೆ. ಅಪ್ಪ ಹೆಜ್ಜೆಯಲ್ಲಿ ಅಳೆದು ಹದಿನೆಂಟು ಮಾರು ಎಂದರು. ಅಷ್ಟು ದೂರ ಹೊರುವುದೇಕೆ? ವಾಸನೆ ಹಿಡಿದು ಬರುವ ಪ್ರಾಣಿ ತಾನೇ. ಹಳೆಯ ಗುಡ್ಡೆಯನ್ನು ಕೆರೆದು ತೆಗೆದು, ಒಂದು ಬುಟ್ಟಿ ಮಾತ್ರ ಪಾತಿಯ ದಿಕ್ಕಿಗೆ ಒಂದು ಮಾರು ಮುಂದೆ ಸುರಿದರು. ಕೋಡುಬಳೆ ಹಳೆಯ ಜಾಗಕ್ಕೆ ಬಂದ, ಮೂಸಿದ, ಅನುಮಾನದಲ್ಲಿ ಒಂದು ಸುತ್ತು ಸುತ್ತಿದ, ಒಂದು ಮಾರು ಮುಂದೆ ಹೋಗಿ ನಿಂತ. ಹಿಂದೆಯೇ ತೊಡೆದೇವು. ಅಪ್ಪ ಬೇಲಿಯ ಹೊರಗಿಂದ ನನಗೆ ಸದ್ದು ಮಾಡಬೇಡವೆಂದು ಕೈಸನ್ನೆ ಮಾಡಿದರು. ನಾಲ್ಕೈದು ದಿನಕ್ಕೊಂದು ಮಾರಿನ ಲೆಕ್ಕದಲ್ಲಿ, ಅವರು ವಿಮಾನ ಹತ್ತುವ ಹೊತ್ತಿಗೆ ಗುಡ್ಡೆ ಹನ್ನೊಂದು ಮಾರು ಬಂದಿತ್ತು.

ಉಳಿದದ್ದನ್ನು ನನಗೆ ವಹಿಸಿದ್ದಾರೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕೆಲಸ ನಿಂತಿತ್ತು. ಮತ್ತೆ ಶುರು ಮಾಡಿದ್ದೇನೆ. ಮೊನ್ನೆ ಭಾನುವಾರ ಫೋನು ಬಂತು. ಅಡಿಕೆಗೆ ಕೊಳೆಯಂತೆ, ಕೆಲಸದವರು ಸಿಗುತ್ತಿಲ್ಲವಂತೆ, ಅಮ್ಮನ ಮಂಡಿ ಹಾಗೇ ಇದೆಯಂತೆ. ಎಲ್ಲ ಆದ ಮೇಲೆ ಒಂದು ನಿಮಿಷ ತಡೆದು, "ಗುಡ್ಡೆ ಎಲ್ಲಿಗೆ ಬಂತು?" ಎಂದರು.

"ಇನ್ನು ನಾಲ್ಕು ಮಾರು ಅಪ್ಪಾ."

"ಅವಸರ ಮಾಡಬೇಡ. ಒಂದೇ ಸಲ ಎರಡು ಮಾರು ಹಾಕಿದ್ರೆ ಅವಕ್ಕೆ ಗೊತ್ತಾಗಿಬಿಡ್ತದೆ."